ಹೈ ಲಿಫ್ಟ್ ಕ್ಯಾಮ್ ಹಾಕುವ ಮೊದಲು ಸ್ಪ್ರಿಂಗ್ ಅಳೆದು ನೋಡಿ

ಹಳೆಯ ಪೆಟ್ರೋಲ್ ಅಂಬಾಸಡರ್‌ನ ಇಂಜಿನ್ ಪಕ್ಕದಲ್ಲಿ ತಗಡಿನ ಎರಡು ಮುಚ್ಚಳಗಳಿವೆ. ರಾಕರ್ ಮತ್ತು ಪುಶ್‌ರಾಡ್ ತೆಗೆದ ಮೇಲೆ ಆ ಮುಚ್ಚಳ ಬಿಚ್ಚಿದರೆ, ವಾಲ್ವ್ ತೆರೆಸುವ ಕ್ಯಾಮಿನ ಮೇಲೆ ಕೂರುವ ಟ್ಯಾಪೆಟ್‌ಗಳನ್ನು ಕೈಯಿಂದಲೇ ಎತ್ತಿ ಹೊರಗೆ ತೆಗೆಯಬಹುದು. ಕ್ಯಾಮ್ ಮುಟ್ಟುವುದೇ ಬೇಡ. ನಮ್ಮ ಮನೆಯ ಗಾಡಿಯಲ್ಲಿ ಹೀಗೆ ತೆಗೆದಾಗ ಎಂಟು ಟ್ಯಾಪೆಟ್‌ಗಳಲ್ಲಿ ಮೂರರ ಮುಖ ಬಟ್ಟಲಿನ ಹಾಗೆ ಗುಳಿ ಬಿದ್ದಿತ್ತು. ಹೊಸ ಕ್ಯಾಮ್ ಹಾಕಿ ಎರಡು ಸಾವಿರ ಕಿಲೋಮೀಟರ್ ಕೂಡ ಆಗಿರಲಿಲ್ಲ.

ಹಾಕಿದ್ದು ಲಿಫ್ಟ್, ಅಂದರೆ ವಾಲ್ವ್ ತೆರೆಯುವ ಎತ್ತರ, ಜಾಸ್ತಿ ಇರುವ ಕ್ಯಾಮ್. ಕೆಲಸ ಮಾಡಿದವರು "ಸ್ಪ್ರಿಂಗ್ ಗಟ್ಟಿ ಇದ್ದರೆ ಚಿಂತೆ ಇಲ್ಲ" ಎಂದು ಸಿಕ್ಕಿದ್ದರಲ್ಲಿ ಅತಿ ಗಟ್ಟಿ ವಾಲ್ವ್ ಸ್ಪ್ರಿಂಗ್ ಹಾಕಿ ಕೊಟ್ಟಿದ್ದರು. ಬೈಕಂಪಾಡಿಯಲ್ಲಿ ಲೇತ್ ಕೆಲಸ ಮಾಡುವ ಹಿರಿಯರೊಬ್ಬರಿಗೆ ಆ ಟ್ಯಾಪೆಟ್ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಮಾತು ಕೇಳಿದರು: "ಸ್ಪ್ರಿಂಗ್ ಜೋರುಂಟು ಮಾರಾಯ್ರೇ, ಆದ್ರೆ ಅದರ ಭಾರ ಹೊರುವವ ಯಾರು?"

ಮಂಗಳೂರು, ಉಡುಪಿ ಕಡೆ ಹಳೆಯ ಅಂಬಾಸಡರ್, ಫಿಯಟ್ ಇಟ್ಟುಕೊಂಡಿರುವ ಗೆಳೆಯರು ಕ್ಯಾಮ್ ಬಗ್ಗೆ ಕೇಳಿದಾಗಲೆಲ್ಲ ನನಗೆ ಈ ಪ್ರಶ್ನೆಯೇ ನೆನಪಾಗುತ್ತದೆ. ಹೆಚ್ಚಿನವರು ಮೊದಲು ಕ್ಯಾಮ್ ಆರಿಸುತ್ತಾರೆ, ಉಳಿದದ್ದನ್ನು ಆಮೇಲೆ ಹೇಗೋ ಹೊಂದಿಸುತ್ತಾರೆ. ಅದನ್ನು ತಿರುಗಿಸಿ ಮಾಡಬೇಕು.

ಈ ಹಳೆಯ ಇಂಜಿನ್‌ಗಳಲ್ಲಿ ಕ್ಯಾಮ್ ಕೆಳಗೆ ಬ್ಲಾಕಿನಲ್ಲಿದೆ, ವಾಲ್ವ್ ಮೇಲೆ ಹೆಡ್‌ನಲ್ಲಿದೆ. ಕ್ಯಾಮಿನ ಉಬ್ಬು, ಅಂದರೆ ಲೋಬ್, ಟ್ಯಾಪೆಟ್ ಅನ್ನು ಎತ್ತುತ್ತದೆ. ಟ್ಯಾಪೆಟ್ ಪುಶ್‌ರಾಡನ್ನು, ಪುಶ್‌ರಾಡ್ ರಾಕರಿನ ಒಂದು ತುದಿಯನ್ನು ಎತ್ತುತ್ತದೆ. ರಾಕರ್ ನಮ್ಮ ಗದ್ದೆಯ ಏತದ ಹಾಗೆ. ಒಂದು ಕಡೆ ಮೇಲೆ ಹೋದರೆ ಇನ್ನೊಂದು ಕಡೆ ಕೆಳಗೆ ಬರುತ್ತದೆ, ವಾಲ್ವ್ ತೆರೆದುಕೊಳ್ಳುತ್ತದೆ. ಇಲ್ಲಿ ಒಂದು ವಿಷಯ ಮರೆಯಬಾರದು. ಕ್ಯಾಮ್ ತಳ್ಳುತ್ತದೆ ಅಷ್ಟೇ, ಎಳೆಯುವುದಿಲ್ಲ. ವಾಲ್ವ್, ರಾಕರ್, ಪುಶ್‌ರಾಡ್, ಟ್ಯಾಪೆಟ್ ಎಲ್ಲವನ್ನೂ ವಾಪಸು ತರುವುದು ಒಂದು ಸ್ಪ್ರಿಂಗ್. ಇಂಜಿನ್ 5000 ಆರ್‌ಪಿಎಂನಲ್ಲಿದ್ದಾಗ ಕ್ಯಾಮ್ ತಿರುಗುವುದು ನಿಮಿಷಕ್ಕೆ 2500 ಸಲ. ಅಂದರೆ ಸೆಕೆಂಡಿಗೆ ಸುಮಾರು 42 ಸಲ ಆ ಸ್ಪ್ರಿಂಗ್ ಅಷ್ಟೂ ಸಾಮಾನನ್ನು ಹಿಂದಕ್ಕೆ ತರಬೇಕು.

ಲಿಫ್ಟ್ ಲೆಕ್ಕ ಸುಲಭ. ಲೋಬ್ ಎತ್ತುವ ಎತ್ತರವನ್ನು ರಾಕರ್ ಅನುಪಾತದಿಂದ (ಅದರ ಎರಡು ತೋಳುಗಳ ಉದ್ದದ ಅನುಪಾತ) ಗುಣಿಸಿ, ಅದರಿಂದ ಟ್ಯಾಪೆಟ್ ಗ್ಯಾಪ್, ಅಂದರೆ ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದು, ಕಳೆಯಬೇಕು. ಲೋಬ್ 6 ಮಿಮೀ, ರಾಕರ್ 1.4, ಗ್ಯಾಪ್ 0.4 ಮಿಮೀ ಅಂತ ಇಟ್ಟುಕೊಳ್ಳಿ. 8.4ರಲ್ಲಿ 0.4 ಹೋದರೆ ವಾಲ್ವ್ ತೆರೆಯುವುದು 8 ಮಿಮೀ. ಅದೇ ಕ್ಯಾಮಿಗೆ 1.5 ಅನುಪಾತದ ರಾಕರ್ ಹಾಕಿದರೆ 8.6 ಮಿಮೀ. ಹಾಗಾಗಿ ಕ್ಯಾಮ್ ಮಾರುವವರು ಹೇಳುವ ಲಿಫ್ಟ್ ಲೋಬಿನದೋ ವಾಲ್ವಿನದೋ ಎಂದು ಮೊದಲೇ ಕೇಳಿಕೊಳ್ಳಿ. ಇದೊಂದನ್ನು ಕೇಳದೆ ತಪ್ಪು ಸ್ಪ್ರಿಂಗ್ ತರಿಸಿಕೊಂಡವರು ಬಹಳ.

ಎಷ್ಟು ಲಿಫ್ಟ್ ಬೇಕು? ವಾಲ್ವ್ ತೆರೆದಾಗ ಅದರ ಸುತ್ತ ಗಾಳಿ ನುಗ್ಗಲು ಬಳೆಯ ಹಾಗೆ ಒಂದು ಜಾಗ ಸಿಗುತ್ತದೆ. ಲಿಫ್ಟ್ ವಾಲ್ವಿನ ವ್ಯಾಸದ ಕಾಲು ಭಾಗ ಮುಟ್ಟಿದಾಗ ಆ ಜಾಗ ವಾಲ್ವಿನ ಇಡೀ ವೃತ್ತಕ್ಕೆ ಸಮ ಆಗುತ್ತದೆ. 36 ಮಿಮೀ ವಾಲ್ವಿಗೆ ಇದು 9 ಮಿಮೀ. ಅಲ್ಲಿಂದ ಮುಂದೆ ಗಾಳಿಗೆ ಅಡ್ಡ ಬರುವುದು ಹೆಚ್ಚಾಗಿ ಪೋರ್ಟೇ, ಅಂದರೆ ಹೆಡ್ ಒಳಗಿನ ಗಾಳಿಯ ದಾರಿ. ಲಿಫ್ಟ್ ಇನ್ನೂ ಏರಿಸಿದರೆ ಲಾಭ ಇಲ್ಲ ಅಂತಲ್ಲ, ವಾಲ್ವ್ ಒಳ್ಳೆಯ ಎತ್ತರದಲ್ಲಿ ಇರುವ ಹೊತ್ತು ಜಾಸ್ತಿಯಾಗುತ್ತದೆ. ಆದರೆ ಪ್ರತಿ ಅರ್ಧ ಮಿಲಿಮೀಟರಿಗೂ ಸ್ಪ್ರಿಂಗ್, ವಾಲ್ವ್ ಕಡ್ಡಿ ಓಡಾಡುವ ಗೈಡ್, ಟ್ಯಾಪೆಟ್ ಎಲ್ಲವೂ ಬೆಲೆ ಕೊಡಬೇಕಾಗುತ್ತದೆ.

ಅಂಬಾಸಡರ್‌ನ 1489 ಸಿಸಿ ಇಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಕುಟುಂಬದ್ದು. ಇದರ ಹೆಡ್‌ಗೆ ಇರುವುದು ಐದೇ ಪೋರ್ಟ್. ಎರಡೆರಡು ಸಿಲಿಂಡರ್‌ಗೆ ಒಂದೊಂದು ಇನ್‌ಲೆಟ್, ನಡುವಿನ ಎರಡಕ್ಕೆ ಸೇರಿ ಒಂದು ಎಕ್ಸಾಸ್ಟ್, ತುದಿಯ ಎರಡಕ್ಕೆ ಒಂದೊಂದು ಎಕ್ಸಾಸ್ಟ್. ಪಕ್ಕದ ಸಿಲಿಂಡರ್ ಗಾಳಿ ಎಳೆಯುವಾಗ ಇನ್ನೊಂದಕ್ಕೆ ಪಾಲು ಕಡಿಮೆಯಾಗುತ್ತದೆ. ಇಂಥ ಹೆಡ್‌ಗೆ ವಾಲ್ವ್ ತುಂಬಾ ಹೊತ್ತು ತೆರೆದಿಡುವ ರೇಸ್ ಕ್ಯಾಮ್ ಒಗ್ಗುವುದಿಲ್ಲ. ಸ್ಟ್ರೋಕ್ 88.9 ಮಿಮೀ, ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. 5000 ಆರ್‌ಪಿಎಂಗೆ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 14.8 ಮೀಟರ್ ಆಗುತ್ತದೆ. ಅದಕ್ಕಿಂತ ಮೇಲೆ ಓಡಿಸುವ ಆಸೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಮಗೆ ಬೇಕಾದದ್ದು ಶಿರಾಡಿಯಲ್ಲೋ ಆಗುಂಬೆಯಲ್ಲೋ ನಾಲ್ಕು ಜನ ಕೂತಾಗ ಗಾಡಿ ಉಸಿರು ಕಟ್ಟದೆ ಏರುವುದು, ಅಲ್ವಾ? ಅದಕ್ಕೆ ವಾಲ್ವ್ ತೆರೆದಿರುವ ಅವಧಿ ಕಡಿಮೆ ಇದ್ದು ಲಿಫ್ಟ್ ಸ್ವಲ್ಪ ಜಾಸ್ತಿ ಇರುವ ಕ್ಯಾಮ್ ಸಾಕು. ಫಿಯಟ್ 1100, ಆಮೇಲಿನ ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಸ್ಟ್ರೋಕ್ 75 ಮಿಮೀ ಆದ್ದರಿಂದ ಅದು ಸ್ವಲ್ಪ ಹಗುರವಾಗಿ ತಿರುಗುತ್ತದೆ, ಆದರೂ ಮಾತು ಅದೇ.

ಈಗ ಸ್ಪ್ರಿಂಗ್. ಇಲ್ಲಿ ಸ್ವಲ್ಪ ನಿಂತು ನೋಡೋಣ.

ಸ್ಪ್ರಿಂಗಿಗೆ ಮೂರು ಅಳತೆ ಮುಖ್ಯ. ವಾಲ್ವ್ ಮುಚ್ಚಿದಾಗಿನ ಎತ್ತರ, ಸುರುಳಿಗಳು ಒಂದಕ್ಕೊಂದು ಪೂರ್ತಿ ತಾಗಿ ಕೂತಾಗಿನ ಎತ್ತರ, ಮತ್ತು ಪ್ರತಿ ಮಿಲಿಮೀಟರ್ ಒತ್ತಿದಾಗ ಏರುವ ಭಾರ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುಚ್ಚಿದಾಗ 38 ಮಿಮೀ, ಪೂರ್ತಿ ಒತ್ತಿದರೆ 26 ಮಿಮೀ. ಲಿಫ್ಟ್ 8.5 ಮಿಮೀ ಆದರೆ ವಾಲ್ವ್ ತೆರೆದಾಗ ಸ್ಪ್ರಿಂಗ್ 29.5 ಮಿಮೀ ಇರುತ್ತದೆ, ಇನ್ನೂ 3.5 ಮಿಮೀ ಬಾಕಿ. ಲಿಫ್ಟ್ 10.5 ಮಾಡಿದರೆ ಬಾಕಿ ಉಳಿಯುವುದು 1.5 ಮಿಮೀ. ಅದು ಕೊನೆಯ ಗಡಿ. ಅದಕ್ಕಿಂತ ಕಡಿಮೆಯಾದರೆ ಸ್ಪ್ರಿಂಗ್ ಕಬ್ಬಿಣದ ಗಟ್ಟಿ ಆಗುವ ಹತ್ತಿರ ಬರುತ್ತದೆ. ಹಾಗೇನಾದರೂ ಆದರೆ ಮುಂದಿನ ಕ್ಷಣದಲ್ಲಿ ಪುಶ್‌ರಾಡ್ ಬಗ್ಗುತ್ತದೆ, ಇಲ್ಲವೇ ರಾಕರ್ ಮುರಿಯುತ್ತದೆ, ಇಲ್ಲವೇ ಲೋಬ್ ಹೋಗುತ್ತದೆ.

ಭಾರವನ್ನೂ ನೋಡಿ. ಮುಚ್ಚಿದಾಗ 25 ಕೆಜಿ, ಮಿಲಿಮೀಟರಿಗೆ 4 ಕೆಜಿ ಏರುವ ಸ್ಪ್ರಿಂಗ್ 8.5 ಮಿಮೀ ಲಿಫ್ಟ್‌ನಲ್ಲಿ 59 ಕೆಜಿ ಒತ್ತುತ್ತದೆ. ಅದೇ ಸ್ಪ್ರಿಂಗ್ 10.5ರಲ್ಲಿ 67 ಕೆಜಿ. ಸ್ಪ್ರಿಂಗ್ ಬದಲಿಸದೆಯೇ 8 ಕೆಜಿ ಏರಿತು. ಟ್ಯಾಪೆಟ್ ಮೇಲೆ ಬೀಳುವುದು ಇದಕ್ಕೂ ಜಾಸ್ತಿ, ಯಾಕೆಂದರೆ ನಡುವೆ ರಾಕರ್ ಇದೆ. 1.4 ಅನುಪಾತದಲ್ಲಿ ವಾಲ್ವಿನ ಕಡೆಯ 67 ಕೆಜಿ ಲೋಬಿನ ಕಡೆ 94 ಕೆಜಿಯ ಹತ್ತಿರ ಆಗುತ್ತದೆ. ರಾಕರ್ ಅನುಪಾತ ಏರಿಸಿ ಲಿಫ್ಟ್ ಪಡೆಯುವವರು ಇದನ್ನು ಲೆಕ್ಕ ಹಾಕಲೇಬೇಕು.

ಹಾಗಾದರೆ ಎಷ್ಟು ಗಟ್ಟಿ ಬೇಕು? ವಾಲ್ವ್ ವಾಪಸು ಬರಲು ಬೇಕಾದ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ಕ್ಯಾಮಿನಲ್ಲಿ 4500ರಿಂದ 5500ಕ್ಕೆ ಹೋದರೆ ಬೇಕಾದ ಬಲ ಒಂದೂವರೆ ಪಟ್ಟು. ಸ್ಪ್ರಿಂಗ್ ಸಾಲದಿದ್ದರೆ ಟ್ಯಾಪೆಟ್ ಲೋಬನ್ನು ಬಿಟ್ಟು ಹಾರುತ್ತದೆ, ವಾಲ್ವ್ ತಾನು ಮುಚ್ಚಿ ಕೂರುವ ಸೀಟಿನ ಮೇಲೆ ಕುಣಿಯುತ್ತದೆ. ಇದನ್ನೇ ವಾಲ್ವ್ ಫ್ಲೋಟ್ ಅನ್ನುವುದು. ಈ ಹೆದರಿಕೆಯಿಂದಲೇ ಎಲ್ಲರೂ ಗಟ್ಟಿ ಸ್ಪ್ರಿಂಗ್ ಕಡೆ ಓಡುವುದು.

ಆದರೆ ವೇಗದಲ್ಲಿ ನಡೆಯುವ ಇನ್ನೊಂದು ಕತೆ ಇದೆ. ಟ್ಯಾಪೆಟ್ ಲೋಬಿನ ತುದಿ ದಾಟುವಾಗ ಇಡೀ ಸರಪಳಿ ಮೇಲಕ್ಕೆ ಹಾರಲು ನೋಡುತ್ತಿರುತ್ತದೆ. ಸ್ಪ್ರಿಂಗಿನ ಬಲದ ಒಂದು ಪಾಲು ಅದನ್ನು ಹಿಡಿದಿಡುವುದಕ್ಕೇ ಖರ್ಚಾಗುತ್ತದೆ. ಹಾಗಾಗಿ ವೇಗದಲ್ಲಿ ಲೋಬಿನ ತುದಿಗೆ ಬೀಳುವ ಭಾರ ಕಡಿಮೆ. ಐಡಲಿಂಗ್‌ನಲ್ಲಿ ಹಾರಾಟ ಇಲ್ಲ, ಪೂರ್ತಿ ಭಾರ ಲೋಬಿನ ತುದಿಯ ಮೇಲೆ. ಆಯಿಲ್ ಕೂಡ ಆಗಲೇ ಕಡಿಮೆ, ಏಕೆಂದರೆ ಲೋಬುಗಳಿಗೆ ಆಯಿಲ್ ಬರುವುದು ಬಹುಪಾಲು ಕ್ರ್ಯಾಂಕ್ ತಿರುಗಿ ಚಿಮ್ಮಿದಾಗ. ನಮ್ಮ ಗಾಡಿಯ ಕ್ಯಾಮ್ ಸವೆದದ್ದು ಹೈವೇಯಲ್ಲಿ ಅಲ್ಲ. ನಂತೂರಿನಲ್ಲಿ, ಪಂಪ್‌ವೆಲ್‌ನಲ್ಲಿ ಟ್ರಾಫಿಕ್ಕಿಗೆ ನಿಂತು ಗುರುಗುಟ್ಟಿದ ಹೊತ್ತಿನಲ್ಲಿ. ಲೇತಿನ ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನಗೆ ಇಲ್ಲಿ.

ಹಾಗಾಗಿ ನೀವು ಓಡಿಸುವ ಅತಿ ಹೆಚ್ಚು ಆರ್‌ಪಿಎಂ ಯಾವುದು ಎಂದು ಪ್ರಾಮಾಣಿಕವಾಗಿ ನಿರ್ಧರಿಸಿ. ಅಷ್ಟಕ್ಕೆ ಸಾಲುವ, ಸ್ವಲ್ಪ ಮಿಗುವ ಸ್ಪ್ರಿಂಗ್ ಸಾಕು. ಕ್ಯಾಮ್ ಮಾಡಿದವರು ಸೀಟ್ ಭಾರ, ತೆರೆದಾಗಿನ ಭಾರ ಎರಡನ್ನೂ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಒಳಗೊಂದು ಹೊರಗೊಂದು ಇರುವ ಜೋಡಿ ಸ್ಪ್ರಿಂಗ್ ಸಿಕ್ಕರೆ ಒಳ್ಳೆಯದು. ಎರಡೂ ವಿರುದ್ಧ ದಿಕ್ಕಿಗೆ ಸುತ್ತಿರಬೇಕು, ಇಲ್ಲದಿದ್ದರೆ ಒಂದರ ಸುರುಳಿ ಇನ್ನೊಂದರೊಳಗೆ ಸಿಕ್ಕಿಕೊಳ್ಳಬಹುದು.

ಭಾರ ಅಳೆಯಲು ಸ್ಪ್ರಿಂಗ್ ಟೆಸ್ಟರ್ ಎಲ್ಲ ಕಡೆ ಇಲ್ಲ. ಸ್ನಾನದ ಮನೆಯಲ್ಲಿಡುವ ತೂಕದ ಯಂತ್ರವನ್ನು ಡ್ರಿಲ್ಲಿಂಗ್ ಮೆಷಿನ್ ಕೆಳಗೆ ಇಡಿ. ಡ್ರಿಲ್ ಬಿಟ್ ಬದಲು ದುಂಡು ಕಬ್ಬಿಣದ ತುಂಡು ಹಿಡಿಸಿ, ಮೆಷಿನ್ ಆನ್ ಮಾಡದೆ ಅದರ ಹಿಡಿಕೆಯಿಂದ ಒತ್ತಿ. ಸ್ಪ್ರಿಂಗಿನ ಎತ್ತರವನ್ನು ವರ್ನಿಯರ್‌ನಲ್ಲಿ ನೋಡುತ್ತಾ ಭಾರ ಬರೆದುಕೊಳ್ಳಿ. ಸ್ಪ್ರಿಂಗ್ ಚಿಮ್ಮದಂತೆ ನೆಟ್ಟಗೆ ನಿಲ್ಲಿಸಿ, ಕಣ್ಣಿಗೆ ಕನ್ನಡಕ ಹಾಕಿ. ಎಂಟೂ ಹೆಚ್ಚು ಕಡಿಮೆ ಒಂದೇ ಲೆಕ್ಕ ತೋರಿಸಬೇಕು. ವಾಲ್ವ್ ಗ್ರೈಂಡ್ ಮಾಡಿಸಿದ ಹೆಡ್‌ನಲ್ಲಿ ವಾಲ್ವ್ ಒಳಗೆ ಇಳಿದಿರುತ್ತದೆ, ಅದರ ಕಡ್ಡಿ ಅಷ್ಟು ಮೇಲೆ ಬಂದಿರುತ್ತದೆ, ಸ್ಪ್ರಿಂಗ್ ಸಡಿಲವಾಗಿರುತ್ತದೆ. ಪ್ರತಿ ವಾಲ್ವಿನ ಎತ್ತರ ಬೇರೆ ಬೇರೆ ಅಳೆದು ಅಡಿಯಲ್ಲಿ ಶಿಮ್, ಅಂದರೆ ತೆಳು ಬಿಲ್ಲೆ, ಹಾಕಿ ಸಮ ಮಾಡಿ. ಫಿಯಟ್‌ನ ಹೆಡ್ ಅಲ್ಯುಮಿನಿಯಂ. ಅಲ್ಲಿ ಸ್ಪ್ರಿಂಗ್ ಅಡಿಗೆ ಉಕ್ಕಿನ ವಾಷರ್ ಇಲ್ಲದಿದ್ದರೆ ಗಟ್ಟಿ ಸ್ಪ್ರಿಂಗ್ ಹೆಡ್ಡನ್ನೇ ಕೊರೆಯುತ್ತದೆ.

ಲಿಫ್ಟ್ ಏರಿದಾಗ ಸ್ಪ್ರಿಂಗ್ ಮೇಲಿನ ತಟ್ಟೆ, ಅಂದರೆ ರಿಟೇನರ್, ಇನ್ನಷ್ಟು ಕೆಳಗೆ ಬರುತ್ತದೆ. ಅದು ಗೈಡ್ ತಲೆಗೋ ಆಯಿಲ್ ಸೀಲಿಗೋ ಬಡಿಯಬಾರದು. ಇಲ್ಲಿಯೂ 1.5 ಮಿಮೀ ಜಾಗ ಇರಲಿ. ಸಾಲದಿದ್ದರೆ ಗೈಡಿನ ತುದಿಯನ್ನು ಲೇತಿನಲ್ಲಿ ಕಡಿಮೆ ಮಾಡಿಸಬಹುದು.

ಟ್ಯಾಪೆಟ್ ಬಗ್ಗೆ ನಾವು ಯೋಚಿಸುವುದೇ ಕಡಿಮೆ. ಇವುಗಳ ಮುಖ ಚಪ್ಪಟೆ ಕಾಣುತ್ತದೆ, ಆದರೆ ನಡುವೆ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಲೋಬಿಗೂ ಸಣ್ಣ ಓರೆ ಇರುತ್ತದೆ. ಇವೆರಡೂ ಸೇರಿ ಟ್ಯಾಪೆಟ್ ಕೆಲಸ ಮಾಡುತ್ತಾ ತಾನೂ ತಿರುಗುತ್ತದೆ. ಹಾಗೆ ತಿರುಗಿದರೆ ಮಾತ್ರ ಸವೆತ ಒಂದೇ ಕಡೆ ಆಗುವುದಿಲ್ಲ. ಹೊಸ ಕ್ಯಾಮಿಗೆ ಹಳೆ ಟ್ಯಾಪೆಟ್ ಯಾವತ್ತೂ ಹಾಕಬೇಡಿ. ಹಳೆ ಕ್ಯಾಮನ್ನೇ ವಾಪಸು ಹಾಕುವುದಾದರೆ ಪ್ರತಿ ಟ್ಯಾಪೆಟ್ ಅದರದೇ ಲೋಬಿಗೆ ಹೋಗಬೇಕು. ನಂಬರ್ ಬರೆದ ಮೊಟ್ಟೆ ಟ್ರೇ ಇದಕ್ಕೆ ಬಹಳ ಒಳ್ಳೆಯದು.

ಟ್ಯಾಪೆಟ್‌ನ ಅಗಲಕ್ಕೂ ಕ್ಯಾಮಿಗೂ ಸಂಬಂಧ ಇದೆ. ಲೋಬ್ ಎತ್ತುವಾಗ ತಾಗುವ ಜಾಗ ಟ್ಯಾಪೆಟ್‌ನ ನಡುವಿನಿಂದ ಅಂಚಿನ ಕಡೆ ಸರಿಯುತ್ತದೆ. ಎಷ್ಟು ಬೇಗ ಎತ್ತುತ್ತದೋ ಅಷ್ಟು ದೂರ. ಕ್ಯಾಮ್ ಒಂದು ಡಿಗ್ರಿ ತಿರುಗುವಾಗ ಟ್ಯಾಪೆಟ್ ಎಷ್ಟು ಮಿಮೀ ಏರುತ್ತದೆ ಎಂದು ನೋಡಿ 57.3ರಿಂದ ಗುಣಿಸಿದರೆ ಆ ದೂರ ಸಿಗುತ್ತದೆ. ಡಿಗ್ರಿಗೆ 0.18 ಮಿಮೀ ಏರುವ ಲೋಬ್ ನಡುವಿನಿಂದ 10.3 ಮಿಮೀ ದೂರಕ್ಕೆ ಹೋಗುತ್ತದೆ. ಲೋಬಿನ ಅಗಲ ಸೇರಿದರೆ ಇನ್ನೂ ಸ್ವಲ್ಪ ಜಾಗ ಬೇಕು. ಇಂಥ ಕ್ಯಾಮಿಗೆ 20 ಮಿಮೀ ಟ್ಯಾಪೆಟ್ ಸಾಲದು, ಅಂಚು ಲೋಬನ್ನು ಉಳಿಯ ಹಾಗೆ ಕೆತ್ತುತ್ತದೆ.

ನಮ್ಮಲ್ಲಿ ಹೈ ಲಿಫ್ಟ್ ಕ್ಯಾಮ್ ಎಂದರೆ ಹೆಚ್ಚಾಗಿ ಹಳೆ ಕ್ಯಾಮನ್ನೇ ಗ್ರೈಂಡ್ ಮಾಡಿದ್ದು. ಲೋಬಿನ ತುದಿಗೆ ಲೋಹ ಸೇರಿಸುವುದಿಲ್ಲ, ಕೆಳಗಿನ ದುಂಡು ಭಾಗವನ್ನು ಸಣ್ಣ ಮಾಡುತ್ತಾರೆ. ಆಗ ಟ್ಯಾಪೆಟ್ ಅಷ್ಟು ಕೆಳಗೆ ಕೂರುತ್ತದೆ, ರಾಕರಿನ ಸ್ಕ್ರೂ ಪೂರ್ತಿ ಇಳಿಸಿದರೂ ಗ್ಯಾಪ್ ಸಿಗದೆ ಹೋಗಬಹುದು. ಉದ್ದದ ಪುಶ್‌ರಾಡ್ ಬೇಕಾಗುತ್ತದೆ. ಮೇಲಿನ ಗಡಸು ಪದರವೂ ತೆಳುವಾಗಿರುತ್ತದೆ. ಗಡಸುತನ ಪರೀಕ್ಷೆ ಮಾಡಿಸದೆ ಗ್ರೈಂಡ್ ಮಾಡಿದ ಕ್ಯಾಮ್ ತೆಗೆದುಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಪುಶ್‌ರಾಡ್ ಹಗುರ ಇರಲಿ ಎಂದು ತೆಳುವಾದದ್ದು ಹುಡುಕುವವರಿದ್ದಾರೆ. ಅದು ಬೇಡ. ವಾಲ್ವ್ ಕಡೆ ಉಳಿಸಿದ ಒಂದು ಗ್ರಾಂ, 1.4 ರಾಕರಿನಲ್ಲಿ, ಟ್ಯಾಪೆಟ್ ಕಡೆ ಉಳಿಸಿದ ಸುಮಾರು ಎರಡು ಗ್ರಾಂಗೆ ಸಮ. ಅನುಪಾತದ ವರ್ಗ ಇಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ತೂಕ ಇಳಿಸುವುದಾದರೆ ರಿಟೇನರ್‌ನಲ್ಲಿ, ವಾಲ್ವಿನಲ್ಲಿ ಇಳಿಸಿ. ಪುಶ್‌ರಾಡ್ ಬಗ್ಗದಷ್ಟು ಗಟ್ಟಿ ಇರಲಿ. 1962ರಲ್ಲಿ ಬಂದ ಬ್ರಿಟಿಷ್ ಕಾರು ಎಂಜಿಬಿಯ 1798 ಸಿಸಿ ಇಂಜಿನ್ ಕೂಡ ಬಿ ಸೀರೀಸೇ, ಅದರ ಸಾಮಾನು ವಿದೇಶದಿಂದ ತರಿಸುವುದು ಸುಲಭ. ಆದರೆ ಎಂಜಿಬಿಯಲ್ಲೇ ಮೊದಲು ಉದ್ದ ಟ್ಯಾಪೆಟ್‌ಗೆ ಗಿಡ್ಡ ಪುಶ್‌ರಾಡ್, ಆಮೇಲೆ ಗಿಡ್ಡ ಟ್ಯಾಪೆಟ್‌ಗೆ ಉದ್ದ ಪುಶ್‌ರಾಡ್ ಬಂತು. ಎರಡನ್ನೂ ಜೋಡಿಯಾಗಿಯೇ ತರಿಸಿ, ನಿಮ್ಮ ಬ್ಲಾಕಿಗೆ ಅಳತೆ ಹಿಡಿದು ನೋಡಿ.

ರಾಕರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಲಿಫ್ಟಿನ ಅರ್ಧದಲ್ಲಿ ರಾಕರ್ ತೋಳು ವಾಲ್ವ್ ಕಡ್ಡಿಗೆ ನೇರ ಅಡ್ಡಕ್ಕೆ ಬರಬೇಕು. ವಾಲ್ವ್ ತುದಿಗೆ ಮಾರ್ಕರ್ ಬಳಿದು ಇಂಜಿನನ್ನು ಕೈಯಲ್ಲಿ ತಿರುಗಿಸಿ. ಅಳಿಸಿಹೋದ ಗೆರೆ ಕಿರಿದಾಗಿ, ತುದಿಯ ನಡುವೆ ಇದ್ದರೆ ಸರಿ. ಅಗಲವಾಗಿದ್ದರೆ ಅಥವಾ ಅಂಚಿಗೆ ಹೋಗಿದ್ದರೆ ರಾಕರ್ ವಾಲ್ವನ್ನು ಪಕ್ಕಕ್ಕೆ ತಳ್ಳುತ್ತಿದೆ, ಗೈಡ್ ಬೇಗ ಸವೆಯುತ್ತದೆ. ರಾಕರ್ ಬ್ರಾಕೆಟ್ ಅಡಿಗೆ ಶಿಮ್ ಹಾಕಿ ಸರಿ ಮಾಡಬಹುದು. ಆಯಿಲ್ ಬರುವ ಬ್ರಾಕೆಟ್‌ನ ಶಿಮ್‌ಗೆ ತೂತು ಇರಲೇಬೇಕು, ಇಲ್ಲದಿದ್ದರೆ ಇಡೀ ರಾಕರ್ ಶಾಫ್ಟ್ ಒಣಗುತ್ತದೆ. ಬಿ ಸೀರೀಸ್‌ನಲ್ಲಿ ರಾಕರಿನ ಕೆಲವು ನಟ್‌ಗಳು ಹೆಡ್ ನಟ್‌ಗಳೂ ಹೌದು. ಅವನ್ನು ಮಾತ್ರ ಬಿಚ್ಚಿದರೆ ಹೆಡ್ ಓರೆಯಾಗಬಹುದು. ನೀರು ಖಾಲಿ ಮಾಡಿ, ಎಲ್ಲ ಹೆಡ್ ನಟ್‌ಗಳನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ.

ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಪೂರ್ತಿ ತೆರೆದಾಗ ಬಡಿಯುವುದು ಎಂದುಕೊಳ್ಳುತ್ತಾರೆ. ಆಗ ಪಿಸ್ಟನ್ ಬಹಳ ಕೆಳಗಿರುತ್ತದೆ. ಅಪಾಯ ಇರುವುದು ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಲೆಟ್ ತೆರೆಯುತ್ತಾ ಇರುವಾಗ, ಪಿಸ್ಟನ್ ಮೇಲಿನ ತುದಿಗೆ ಬಂದ ಹೊತ್ತಿಗೆ, ಅದರ ಹಿಂದೆ ಮುಂದೆ ಸುಮಾರು 10 ಡಿಗ್ರಿಯಲ್ಲಿ. ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಇಟ್ಟು, ಹೆಡ್ ಕೂರಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ. ಆಮೇಲೆ ಕ್ಲೇ ಕತ್ತರಿಸಿ ದಪ್ಪ ಅಳೆಯಿರಿ. ಇನ್‌ಲೆಟ್‌ಗೆ 2 ಮಿಮೀ, ಎಕ್ಸಾಸ್ಟ್‌ಗೆ 2.5 ಮಿಮೀ ಇದ್ದರೆ ನೆಮ್ಮದಿ. ಇದನ್ನು ಮಾಡುವ ಮೊದಲು ಕ್ಯಾಮ್ ಟೈಮಿಂಗ್ ಡಿಗ್ರಿ ಚಕ್ರದಲ್ಲಿ ಸರಿ ಹೊಂದಿಸಿರಬೇಕು.

ಹೆಡ್ ಬಿಚ್ಚಿದಾಗಲೇ ಸೀಟ್ ನೋಡಿಸಿ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಇಲ್ಲದ ಪೆಟ್ರೋಲ್ ಮಾತ್ರ. ಸೀಸ ಹಳೆಯ ಎರಕದ ಕಬ್ಬಿಣದ ಸೀಟ್‌ಗಳನ್ನು ಕಾಪಾಡುತ್ತಿತ್ತು. ಈಗ ಅವು ನಿಧಾನಕ್ಕೆ ಒಳಗೆ ಇಳಿಯುತ್ತವೆ, ಸ್ಪ್ರಿಂಗ್ ಗಟ್ಟಿಯಾದಷ್ಟು ಬೇಗ ಇಳಿಯುತ್ತವೆ. ಎಕ್ಸಾಸ್ಟ್‌ನ ಟ್ಯಾಪೆಟ್ ಗ್ಯಾಪ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಇದೇ ಕಾರಣ ಇರಬಹುದು. ಗಡಸು ಸೀಟ್ ರಿಂಗ್ ಕೂರಿಸಿದರೆ ಒಂದು ಸಲಕ್ಕೆ ಮುಗಿಯಿತು.

ಆಯಿಲ್ ವಿಷಯ. ಚಪ್ಪಟೆ ಟ್ಯಾಪೆಟ್ ಮತ್ತು ಲೋಬ್ ನಡುವೆ ಕಾವಲು ನಿಲ್ಲುವುದು ಸತು ಮತ್ತು ರಂಜಕ ಇರುವ ಒಂದು ಸೇರ್ಪಡೆ, ಝಡ್‌ಡಿಡಿಪಿ. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಎಂದು 2004ರಲ್ಲಿ ಬಂದ, ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಎಂ ದರ್ಜೆಯಲ್ಲಿ, 5ಡಬ್ಲ್ಯೂ-30ರಂಥ ತೆಳು ಆಯಿಲ್‌ಗಳಿಗೆ ರಂಜಕದ ಮಿತಿ 0.08% ಎಂದು ಇಟ್ಟರು. 20ಡಬ್ಲ್ಯೂ-50ಕ್ಕೆ ಆ ಮಿತಿ ಇಲ್ಲ. ನಮ್ಮ ಬಿಸಿಲಿಗೂ ಹಳೆ ಇಂಜಿನ್‌ಗೂ ಅದೇ ಸರಿ.

ಮೊದಲ ಸ್ಟಾರ್ಟ್ ಬಹಳ ಮುಖ್ಯ. ಲೋಬಿಗೂ ಟ್ಯಾಪೆಟ್ ಮುಖಕ್ಕೂ ಮಾಲಿಬ್ಡಿನಂ ಪೇಸ್ಟ್ ಬಳಿಯಿರಿ. ಜೋಡಿ ಸ್ಪ್ರಿಂಗ್ ಇದ್ದರೆ ಈ ಹೊತ್ತಿಗೆ ಒಳಗಿನದನ್ನು ತೆಗೆದಿಡಿ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ತುಂಬಿ, ಇಗ್ನಿಷನ್ ಟೈಮಿಂಗ್ ಸರಿ ಇಟ್ಟು, ಸೆಲ್ಫ್ ಹೊಡೆದ ಕೂಡಲೇ ಹತ್ತಿಕೊಳ್ಳುವ ಹಾಗೆ ಮಾಡಿ. ಹತ್ತಿದ ತಕ್ಷಣ 2000ರಿಂದ 2500 ಆರ್‌ಪಿಎಂಗೆ ತಂದು 20 ನಿಮಿಷ ಹಾಗೇ ಓಡಿಸಿ, ನಡುವೆ ಸ್ವಲ್ಪ ಏರಿಸಿ ಇಳಿಸುತ್ತಾ ಇರಿ. ಐಡಲ್‌ಗೆ ಬಿಡಬೇಡಿ. ಕಾರಣ ಮೇಲೆ ಹೇಳಿದ್ದೇ: ಐಡಲ್‌ನಲ್ಲಿ ಭಾರ ಜಾಸ್ತಿ, ಆಯಿಲ್ ಕಡಿಮೆ. ರೇಡಿಯೇಟರ್ ಮುಂದೆ ಒಂದು ದೊಡ್ಡ ಫ್ಯಾನ್ ಇಟ್ಟುಕೊಳ್ಳಿ. ಮುಗಿದ ಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಆಮೇಲೆ ಒಳ ಸ್ಪ್ರಿಂಗ್ ವಾಪಸು ಹಾಕಿ.

ಕರಾವಳಿಗೆ ಸೇರಿದ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ಶೆಡ್ಡಿನಲ್ಲಿ ಸುಮ್ನೆ ನಿಂತರೆ ಉಪ್ಪಿನ ತೇವ ರಾಕರ್ ಕವರ್ ಒಳಗೂ ಬರುತ್ತದೆ. ಸ್ಪ್ರಿಂಗಿಗೆ ಸೂಜಿ ಮೊನೆಯಷ್ಟು ತುಕ್ಕಿನ ಚುಕ್ಕೆ ಬಿದ್ದರೂ ಸಾಕು, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ತುಕ್ಕಿನ ಚುಕ್ಕೆ ಕಂಡ ಸ್ಪ್ರಿಂಗನ್ನು ಉಜ್ಜಿ ಹಾಕಬೇಡಿ, ಬಿಸಾಡಿ. ಎರಡು ವಾರಕ್ಕೊಮ್ಮೆ ಗಾಡಿಯನ್ನು ಪೂರ್ತಿ ಬಿಸಿಯಾಗುವ ತನಕ ಓಡಿಸಿ ಬನ್ನಿ. ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಒಳಗೆ ಇನ್ನಷ್ಟು ನೀರು ಕೂರುತ್ತದೆ.

ನಮ್ಮ ಗಾಡಿಗೆ ಈಗ ಹಾಕಿರುವ ಕ್ಯಾಮಿನ ಲಿಫ್ಟ್ ಮೊದಲಿನದಕ್ಕಿಂತ ಕಡಿಮೆ, ಸ್ಪ್ರಿಂಗ್ ಕೂಡ ಮೆತ್ತಗೆ. 500 ಕಿಲೋಮೀಟರಿಗೆ ಗ್ಯಾಪ್ ನೋಡಿದೆ, ಬದಲಾಗಿರಲಿಲ್ಲ. ಮೂರು ಸಾವಿರ ದಾಟಿದ ಮೇಲೆ ಪಕ್ಕದ ಮುಚ್ಚಳ ಬಿಚ್ಚಿ ಎರಡು ಟ್ಯಾಪೆಟ್ ತೆಗೆದು ಮುಖಕ್ಕೆ ಮುಖ ಇಟ್ಟೆ. ಉಬ್ಬು ಉಳಿದಿದ್ದರೆ ಅವು ಒಂದರ ಮೇಲೊಂದು ಸ್ವಲ್ಪ ತೂಗಾಡಬೇಕು. ತೂಗಾಡಿದವು. ಅವನ್ನು ಅವುಗಳ ಲೋಬಿಗೇ ವಾಪಸು ಇಳಿಸಿ ಮುಚ್ಚಳ ಹಾಕಿದೆ.